ಹೊಸ ಆದಾಯ ತೆರಿಗೆ ಕಾನೂನಿನಿಂದ ರಿಟರ್ನ್ ಸಲ್ಲಿಸುವುದು ನಿಜಕ್ಕೂ ಸುಲಭ ಆಗುತ್ತಾ?

ಕಾನೂನು ಓದಲು ಸುಲಭವಾಗುತ್ತದೆ. ಆದರೆ ಕಟ್ಟುವ ತೆರಿಗೆ ಇದರಿಂದ ಕಡಿಮೆಯಾಗುವುದಿಲ್ಲ. 1961ರ ಕಾಯ್ದೆಯಲ್ಲಿ 819 ಸೆಕ್ಷನ್ ಇದ್ದವು, 2025ರ ಹೊಸ ಕಾಯ್ದೆಯಲ್ಲಿ 536. ಪದಗಳೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿವೆ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು 'ತೆರಿಗೆ ವರ್ಷ'. ಅಪ್ಪನ ರಿಟರ್ನ್ ತುಂಬಲು ಕೂತಾಗಲೆಲ್ಲ ಒಂದೇ ಗೊಂದಲ. ಆದಾಯ ಬಂದದ್ದು 2024-25ರಲ್ಲಿ, ಆರಿಸಬೇಕಾದ ಅಸೆಸ್‌ಮೆಂಟ್ ವರ್ಷ (ಆ ಆದಾಯದ ತೆರಿಗೆ ಲೆಕ್ಕ ಹಾಕುವ ಮುಂದಿನ ವರ್ಷ) 2025-26. "ಆ ವರ್ಷದ ಪೆನ್ಶನ್ ಇನ್ನೂ ಪೂರ್ತಿ ಬಂದೇ ಇಲ್ವಲ್ಲೋ" ಅನ್ನುತ್ತಿದ್ದರು. ನಿಜ ಅಲ್ವಾ? ಇನ್ನು ಆದಾಯ ಬಂದ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷಕ್ಕೆ ಒಂದೇ ಹೆಸರು, 'ತೆರಿಗೆ ವರ್ಷ'. ಜಾರಿ 2026ರ ಏಪ್ರಿಲ್ 1ರಿಂದ. 2025-26ರವರೆಗಿನ ಆದಾಯಕ್ಕೆ ಹಳೆಯ ಕಾಯ್ದೆಯೇ, ಮರೆಯಬೇಡಿ.

ರೀಫಂಡ್ ವಿಷಯ ಇನ್ನೂ ಮುಖ್ಯ. 2025ರ ಫೆಬ್ರುವರಿಯ ಮೊದಲ ಮಸೂದೆಯಲ್ಲಿ, ಗಡುವು ದಾಟಿ ರಿಟರ್ನ್ ಹಾಕಿದರೆ ರೀಫಂಡ್ ಇಲ್ಲ ಅನ್ನುವ ಅಂಶವಿತ್ತು. ಸಂಸದರ ಸಮಿತಿ ಅದು ಬೇಡ ಅಂದಿತು. ಆಗಸ್ಟ್‌ನಲ್ಲಿ ಮಸೂದೆ ಹಿಂಪಡೆದು, ಅದನ್ನು ತೆಗೆದು, ಹೊಸದಾಗಿ ಪಾಸು ಮಾಡಿದರು. ಬ್ಯಾಂಕ್ ಬಡ್ಡಿಯಲ್ಲಿ ಹಿಡಿದ ಟಿಡಿಎಸ್ (ಮೊದಲೇ ಕಡಿತವಾದ ತೆರಿಗೆ) ವಾಪಸ್ ಪಡೆಯಲೆಂದೇ ರಿಟರ್ನ್ ಹಾಕುವ ಹಿರಿಯರಿಗೆ ಇದು ದೊಡ್ಡ ಸಮಾಧಾನ.