ಹೊಸ ಐಪಿ ವಿಳಾಸ ಬಂದಿದೆ, ಹಳೆಯದನ್ನು ತೆಗೆಯಬಹುದೇ?

ಪ್ರಶ್ನೆ: ಇಳಕಲ್ ಸೀರೆ ನೇಯುವ ನಮ್ಮ ಸಂಘದವರು ದಡಿ, ಸೆರಗುಗಳ ವಿನ್ಯಾಸದ ಕಡತಗಳನ್ನೂ ಬೇಡಿಕೆ ಪಟ್ಟಿಯನ್ನೂ ಬಾಡಿಗೆಯ ಸರ್ವರ್ ಒಂದರಲ್ಲಿಟ್ಟು ಎಲ್ಲರೂ ಸೇರಿ ತಿದ್ದುತ್ತೇವೆ. ಕಳೆದ ತಿಂಗಳು ಆ ಸರ್ವರ್‌ಗೆ ಐಪಿವಿ6 ಎಂಬ ಹೊಸ ಬಗೆಯ ಐಪಿ ವಿಳಾಸ (ಅಂತರಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಸಿಕ್ಕಿತು. ಅದನ್ನು ಡಿಎನ್‌ಎಸ್‌ಗೂ (ಹೆಸರಿಗೆ ತಕ್ಕ ವಿಳಾಸ ತಿಳಿಸುವ ಪಟ್ಟಿಗೂ) ಸೇರಿಸಿದೆವು. ಅಂದಿನಿಂದ ಮೊಬೈಲಿನ ಬ್ರೌಸರಿನಲ್ಲಿ ಎಲ್ಲವೂ ಮೊದಲಿನಂತೆ ತೆರೆಯುತ್ತದೆ. ಆದರೆ ಗುಳೇದಗುಡ್ಡ ಶಾಖೆಯ ಕಂಪ್ಯೂಟರಿನಲ್ಲಿ ಕಡತಗಳನ್ನು ಸಿಂಕ್ ಮಾಡುವ ಪ್ರೋಗ್ರಾಂ ನಿಮಿಷಗಟ್ಟಲೆ ಸುಮ್ಮನೆ ನಿಲ್ಲುತ್ತದೆ. ಸರ್ವರ್ ಕಳುಹಿಸುವ ಸೂಚನಾ ಮೇಲ್‌ಗಳು ಕೆಲವರಿಗೆ ತಲುಪದೆ ಹಿಂದಿರುಗುತ್ತಿವೆ. ಹಳೆಯ ವಿಳಾಸ ತೆಗೆದರೆ ಸರಿಹೋಗುತ್ತದೆ ಎನ್ನುತ್ತಾರೆ ಬೆಳಗಾವಿಯ ತಂತ್ರಜ್ಞರೊಬ್ಬರು. ತೆಗೆಯಬಹುದೇ?
– ಓದುಗರು, ಇಳಕಲ್

ಉತ್ತರ: ಹಳೆಯ ವಿಳಾಸವನ್ನು ದಯವಿಟ್ಟು ಮುಟ್ಟಬೇಡಿ. ಆ ಹಳೆಯ ಬಗೆಯ, 1981ರಲ್ಲಿ ರೂಪುಗೊಂಡ ಐಪಿವಿ4ರಲ್ಲಿ 32 ಬಿಟ್‌ಗಳ, ಅಂದರೆ ಸುಮಾರು 430 ಕೋಟಿ ವಿಳಾಸಗಳಿಗಷ್ಟೇ ಅವಕಾಶವಿತ್ತು. ಅದರ ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಬರಿದಾಯಿತು. 128 ಬಿಟ್‌ಗಳ ಐಪಿವಿ6 ಅದರ ಮುಂದುವರಿಕೆಯಂತೆ ಕಂಡರೂ ಇವೆರಡೂ ಒಂದರ ಮಾತು ಇನ್ನೊಂದಕ್ಕೆ ತಿಳಿಯದ ಬೇರೆ ಬೇರೆ ವ್ಯವಸ್ಥೆಗಳು. ಹಳೆಯ ವಿಳಾಸ ಮಾತ್ರವುಳ್ಳ ಬ್ರಾಡ್‌ಬ್ಯಾಂಡ್ ಸಂಪರ್ಕದ ಸದಸ್ಯರು ಹೊಸ ವಿಳಾಸ ಮಾತ್ರವುಳ್ಳ ಸರ್ವರನ್ನು ನೇರವಾಗಿ ತಲುಪಲಾರರು.

ನಿಮ್ಮ ವರ್ಣನೆಯನ್ನು ನೋಡಿದರೆ, ಸರ್ವರಿನ ಫೈರ್‌ವಾಲ್ (ಒಳಬರುವ ಸಂಪರ್ಕಗಳನ್ನು ಸೋಸುವ ಕಾವಲು) ಹೊಸ ವಿಳಾಸಕ್ಕೆ ಬರುವ ಕರೆಗಳನ್ನು ಉತ್ತರವನ್ನೇ ಕೊಡದೆ ಎಸೆಯುತ್ತಿರುವ ಸಂಭವ ಹೆಚ್ಚು. ಲಿನಕ್ಸ್ ಯಂತ್ರಗಳಲ್ಲಿ ಐಪಿಟೇಬಲ್ಸ್ ಎಂಬ ಫೈರ್‌ವಾಲ್ ಸಾಧನದಲ್ಲಿ ಬರೆದ ನಿಯಮ ಐಪಿವಿ4ಕ್ಕೆ ಮಾತ್ರ ಅನ್ವಯಿಸುತ್ತದೆ; ಐಪಿವಿ6ಕ್ಕೆ ಐಪಿ6ಟೇಬಲ್ಸ್‌ನಲ್ಲಿ ಪ್ರತ್ಯೇಕವಾಗಿ ಬರೆಯಬೇಕು. ಇದನ್ನು ಮರೆಯುವವರೇ ಹೆಚ್ಚು. ಮೊಬೈಲಿನ ಬ್ರೌಸರ್ ಮೊದಲು ಹೊಸ ವಿಳಾಸಕ್ಕೆ ಪ್ರಯತ್ನಿಸಿ, ಕಾಲು ಸೆಕೆಂಡಿನಷ್ಟು ಕಾದರೂ ಉತ್ತರ ಬಾರದಿದ್ದರೆ ಹಳೆಯದನ್ನೂ ಜೊತೆಜೊತೆಗೇ ಕರೆಯುತ್ತದೆ. ಆದ್ದರಿಂದ ಅಲ್ಲಿ ತೊಂದರೆ ಗೊತ್ತೇ ಆಗುವುದಿಲ್ಲ. ನಿಮ್ಮ ಸಿಂಕ್ ಪ್ರೋಗ್ರಾಂಗೆ ಈ ಜಾಣತನ ಇಲ್ಲವೆಂದು ತೋರುತ್ತದೆ. ಫೈರ್‌ವಾಲ್ ಸ್ಪಷ್ಟವಾಗಿ ನಿರಾಕರಿಸಿದ್ದರೂ ಅದು ತಕ್ಷಣ ಹಳೆಯ ವಿಳಾಸಕ್ಕೆ ತಿರುಗುತ್ತಿತ್ತು. ಮೌನವೇ ಅದನ್ನು ಕಾಯಿಸುತ್ತಿದೆ.

ಆದ್ದರಿಂದ ಸದ್ಯಕ್ಕೆ ಡಿಎನ್‌ಎಸ್‌ನಲ್ಲಿ ಹೊಸ ವಿಳಾಸವನ್ನು ಸಾರುವ ಎಎಎಎ ದಾಖಲೆಯನ್ನಷ್ಟೇ ತೆಗೆಯಿರಿ. ಆಮೇಲೆ ಸುರಕ್ಷಿತ ವೆಬ್ ಸಂಪರ್ಕದ ಬಾಗಿಲಾದ 443ನೇ ಪೋರ್ಟನ್ನು ಐಪಿವಿ6ಕ್ಕೂ ತೆರೆಸಿ, ಹಾಗೆಯೇ ಜಾಲದ ತೊಂದರೆಗಳನ್ನು ತಿಳಿಸುವ ಐಸಿಎಂಪಿವಿ6 ಸಂದೇಶಗಳನ್ನು ಸಾರಾಸಗಟಾಗಿ ತಡೆದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಐಪಿವಿ6ರಲ್ಲಿ ನಡುದಾರಿಯ ರೂಟರ್‌ಗಳು ದೊಡ್ಡ ಪ್ಯಾಕೆಟ್‌ಗಳನ್ನು (ಮಾಹಿತಿಯ ಕಟ್ಟುಗಳನ್ನು) ತುಂಡರಿಸುವುದಿಲ್ಲ. "ಇದು ದೊಡ್ಡದಾಯಿತು" ಎಂಬ ಸಂದೇಶವನ್ನು ಕಳುಹಿಸಿದವರಿಗೇ ಹಿಂದಿರುಗಿಸುತ್ತವೆ. ಆ ಸಂದೇಶವನ್ನೇ ತಡೆದರೆ ನಾಲ್ಕು ಸಾಲಿನ ಬೇಡಿಕೆ ಪಟ್ಟಿ ಸಲೀಸಾಗಿ ತೆರೆದು, ಗೋಮಿ ದಡಿಯ ಸ್ಕ್ಯಾನ್ ಮಾಡಿದ ಚಿತ್ರ ಮಾತ್ರ ಅರ್ಧಕ್ಕೇ ನಿಲ್ಲಬಹುದು.

ಮೇಲ್‌ನ ತೊಡಕು ಬೇರೆ. ಎಎಎಎ ದಾಖಲೆ ತೆಗೆದರೂ ಅದು ನಿಲ್ಲುವುದಿಲ್ಲ, ಏಕೆಂದರೆ ಸರ್ವರ್‌ಗೆ ಹೊಸ ವಿಳಾಸ ಸಿಕ್ಕ ಕ್ಷಣದಿಂದಲೇ ಅದು ಆ ದಾರಿಯಲ್ಲಿ ಮೇಲ್ ಕಳುಹಿಸಲು ತೊಡಗಿರುತ್ತದೆ. ಜಿಮೇಲ್‌ನಂತಹ ಸೇವೆಗಳು ವಿಳಾಸದಿಂದ ಹೆಸರನ್ನು ಪತ್ತೆಮಾಡುವ ಪಿಟಿಆರ್ ದಾಖಲೆಯನ್ನು ಕೇಳುತ್ತವೆ. ಅದನ್ನು ನಿಮಗೆ ಸರ್ವರ್ ಬಾಡಿಗೆಗೆ ಕೊಟ್ಟವರಿಂದಲೇ ಮಾಡಿಸಬೇಕು. ನಿಮ್ಮ ಹೆಸರಿನಲ್ಲಿ ಯಾವ ವಿಳಾಸಗಳು ಮೇಲ್ ಕಳುಹಿಸಬಹುದೆಂದು ಸಾರುವ ಎಸ್‌ಪಿಎಫ್ ದಾಖಲೆಯಲ್ಲಿಯೂ ಹೊಸ ವಿಳಾಸ ಇರಬೇಕು. ಇವೆರಡು ಆಗುವವರೆಗೆ ಮೇಲ್ ಪ್ರೋಗ್ರಾಂ ಐಪಿವಿ4ನ್ನು ಮಾತ್ರ ಬಳಸುವಂತೆ ಹೊಂದಿಸಿಕೊಳ್ಳಿ.

ಇಷ್ಟಾದ ಮೇಲೆ ಎಎಎಎ ದಾಖಲೆಯನ್ನು 300 ಸೆಕೆಂಡುಗಳ ಅವಧಿ (ಇತರ ಯಂತ್ರಗಳು ಅದನ್ನು ನೆನಪಿಟ್ಟುಕೊಳ್ಳುವ ಕಾಲ) ಕೊಟ್ಟು ಮತ್ತೆ ಸೇರಿಸಿ. ಏನಾದರೂ ತಪ್ಪಿದರೆ ಹಿಂತೆಗೆದ ಐದೇ ನಿಮಿಷದಲ್ಲಿ ಬಹುಪಾಲು ಮೊದಲಿನ ಸ್ಥಿತಿಗೆ ಮರಳಬಹುದು. ಮೊದಲ ಪರೀಕ್ಷೆಯನ್ನು ಗುಳೇದಗುಡ್ಡದ ಅದೇ ಕಂಪ್ಯೂಟರಿನಲ್ಲಿ ಮಾಡಿ.