ಪೊಲೀಸರಿಗೆ ಸಂಘ ಬೇಕೇ? ಪಿಂಚಣಿಗೆ ಬೇಕು, ಜೈಲಿನ ಕಾನೂನಿಗೆ ಒಂದು ಗೆರೆ ಇರಲಿ

ಅಮೆರಿಕದಲ್ಲಿ ಪೊಲೀಸ್ ಸಂಘಗಳು ಪಿಂಚಣಿ ಮತ್ತು ಜೈಲಿನ ಮಸೂದೆಗಳ ಬಗ್ಗೆ ಬಹಿರಂಗವಾಗಿ ನಿಲುವು ತಗೊಳ್ಳುತ್ತವಂತೆ, ಅದು ಸರಿಯೇ, ನಮ್ಮ ಪೊಲೀಸರಿಗೂ ಅಂಥ ಸಂಘ ಬೇಕೇ ಅಂತ ಕೇಳಿದ್ದೀರಿ. ನಮ್ಮಪ್ಪ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದವರು, ತಮ್ಮ ಈಗ ಕಾನ್‌ಸ್ಟೆಬಲ್. ಹಾಗಾಗಿ ನಾನು ತಟಸ್ಥನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಅಲ್ಲಿನ ದೊಡ್ಡ ಸಂಘ ಫ್ರಟರ್ನಲ್ ಆರ್ಡರ್ ಆಫ್ ಪೊಲೀಸ್. 1915ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಶುರುವಾಗಿದ್ದು, ಈಗ ಮೂರೂವರೆ ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಅಲ್ಲಿ ಎಷ್ಟೋ ಊರುಗಳ ಪೊಲೀಸರ ಸಂಬಳದಲ್ಲಿ ಸೋಷಿಯಲ್ ಸೆಕ್ಯುರಿಟಿಗೆ, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ ಪಿಂಚಣಿ ಯೋಜನೆಗೆ, ದುಡ್ಡು ಹಿಡಿಯುವುದಿಲ್ಲ, ಅವರಿಗೆ ಬೇರೆಯೇ ಪಿಂಚಣಿ ಇರುತ್ತದೆ. ಆದರೆ ಸಂಸಾರ ತೂಗಿಸಲು ರಜೆಯಲ್ಲೋ ನಿವೃತ್ತಿಯ ಮೇಲೋ ಇನ್ನೊಂದು ಕಡೆ ದುಡಿದು, ಅಲ್ಲಿ ಸೋಷಿಯಲ್ ಸೆಕ್ಯುರಿಟಿಗೂ ಕಟ್ಟಿರುತ್ತಾರೆ. ನಿಮಗೆ ಪೊಲೀಸ್ ಪಿಂಚಣಿ ಬರುತ್ತಲ್ಲ ಅಂತ, 1983ರ ಒಂದು ನಿಯಮ ಆ ಎರಡನೇ ದುಡಿಮೆಯ ಹಣಕ್ಕೆ ಕತ್ತರಿ ಹಾಕುತ್ತಿತ್ತು. ಗಂಡನೋ ಹೆಂಡತಿಯೋ ತೀರಿಕೊಂಡಾಗ ಬರಬೇಕಾದ ಹಣಕ್ಕೂ 1977ರ ಇನ್ನೊಂದು ನಿಯಮ ಅಡ್ಡ ಬರುತ್ತಿತ್ತು. ಈ ಸಂಘ ಶಿಕ್ಷಕರು, ಅಗ್ನಿಶಾಮಕ ಸಿಬ್ಬಂದಿಯ ಸಂಘಗಳ ಜೊತೆ ವರ್ಷಗಟ್ಟಲೆ ಬೆನ್ನುಹತ್ತಿತು. 2025ರ ಜನವರಿ 5ರಂದು ಆಗಿನ ಅಧ್ಯಕ್ಷ ಬೈಡನ್ ಮಸೂದೆಗೆ ಸಹಿ ಹಾಕಿದರು, ಎರಡೂ ನಿಯಮ ರದ್ದಾದವು. ಸಂಘ ಇರಬೇಕಾದ್ದೇ ಇಂಥ ಕೆಲಸಕ್ಕೆ.

ಜೈಲಿನ ವಿಷಯದಲ್ಲಿ ಇದೇ ಸಂಘ ನನ್ನ ನಿರೀಕ್ಷೆಗೆ ವಿರುದ್ಧವಾಗಿ ನಡೆದುಕೊಂಡಿತ್ತು. 2018ರ ಫಸ್ಟ್ ಸ್ಟೆಪ್ ಆಕ್ಟ್ ಕೆಲವು ಮಾದಕವಸ್ತು ಅಪರಾಧಗಳ ಕಡ್ಡಾಯ ಶಿಕ್ಷೆ ತಗ್ಗಿಸಿ, ಜೈಲಲ್ಲಿ ಓದಿ, ಕಸುಬು ಕಲಿತ ಕೈದಿಗಳು ಬೇಗ ಹೊರಬರಲು ದಾರಿ ಮಾಡಿತು. ಸಂಘ ಅದಕ್ಕೆ ಬೆಂಬಲ ಕೊಟ್ಟಿತು. ಆ ಕಾನೂನಿನೊಳಗೇ ಜೈಲು ಸಿಬ್ಬಂದಿಯ ಜೀವಕ್ಕೆ ಸಂಬಂಧಿಸಿದ ಒಂದು ಕಲಮೂ ಇದೆ. 2013ರಲ್ಲಿ ಅಮೆರಿಕದ ಅಧೀನದಲ್ಲಿರುವ ಪೋರ್ಟೊ ರಿಕೊ ದ್ವೀಪದಲ್ಲಿ ಓಸ್ವಾಲ್ಡೊ ಆಲ್ಬರಾಟಿ ಎಂಬ ಜೈಲು ಅಧಿಕಾರಿಯನ್ನು ಡ್ಯೂಟಿ ಮುಗಿಸಿ ಕಾರಿನಲ್ಲಿ ಮನೆಗೆ ಹೋಗುವಾಗ ಗುಂಡಿಕ್ಕಿ ಕೊಂದರು. ಸುಪಾರಿ ಕೊಟ್ಟಿದ್ದು ಒಳಗಿದ್ದ ಕೈದಿಗಳು. ಮನೆಗೆ ಹೋಗಿಬರುವಾಗ ಸಿಬ್ಬಂದಿ ತಮ್ಮ ಪಿಸ್ತೂಲು ತರಲಿ, ಅದನ್ನು ಭದ್ರವಾಗಿಡಲು ಜೈಲಲ್ಲಿ ಜಾಗ ಕೊಡಿ ಎನ್ನುವ ಆ ಕಲಮಿಗೆ ಅವರದೇ ಹೆಸರಿದೆ. ಒಳಗೆ ಕೆಲಸ ಮಾಡುವವರ ಮಾತು ಕಿವಿಗೆ ಬೀಳದೆ ಹೋಗಿದ್ದರೆ ಇದು ಯಾರಿಗೆ ಹೊಳೆಯುತ್ತಿತ್ತು?

ಆದರೆ ಕ್ಯಾಲಿಫೋರ್ನಿಯಾದ ಜೈಲು ಕಾವಲುಗಾರರ ಸಂಘದ ಕಥೆ ಓದಿದಾಗ ನನಗೆ ನಿಜಕ್ಕೂ ಭಯವಾಯಿತು. ಹಿಂದೆ ಎರಡು ಘೋರ ಅಪರಾಧ ಮಾಡಿದವರು ಮೂರನೇ ಸಲ ಯಾವುದೇ ಫೆಲೊನಿ (ದೊಡ್ಡ ಅಪರಾಧ) ಮಾಡಿದರೆ 25 ವರ್ಷದಿಂದ ಜೀವಾವಧಿಯವರೆಗೆ ಜೈಲು ಎಂಬ 1994ರ ಕಾನೂನಿನ ಪ್ರಚಾರಕ್ಕೆ ಆ ಸಂಘ ದುಡ್ಡು ಸುರಿಯಿತು. ಕೈದಿಗಳು ಹೆಚ್ಚಿದಷ್ಟೂ ತಮ್ಮ ಸದಸ್ಯರು ಹೆಚ್ಚುತ್ತಾರೆ ಎಂಬ ಸ್ಥಿತಿಯಲ್ಲಿರುವವರು ಶಿಕ್ಷೆ ಎಷ್ಟಿರಬೇಕು ಅಂತ ಹಣ ಹಾಕಿ ಹೇಳಬಾರದು. ನಾನು ಹೇಳುವ ಗೆರೆ ಇದೇ. ಪಿಂಚಣಿಯಲ್ಲೂ ಅತಿಯಾಗಬಹುದು, ಒಪ್ಪುತ್ತೇನೆ. ಅದೇ ರಾಜ್ಯದಲ್ಲಿ 1999ರಲ್ಲಿ ಹೆದ್ದಾರಿ ಪೊಲೀಸರಿಗೆ 50ನೇ ವಯಸ್ಸಿಗೇ ಸೇವೆಯ ಪ್ರತಿ ವರ್ಷಕ್ಕೆ ಸಂಬಳದ 3%ರಂತೆ ಪಿಂಚಣಿ ಕೊಟ್ಟರು. ಹೊರೆ ತಾಳದೆ 2013ರಿಂದ ಹೊಸಬರಿಗೆ 57ಕ್ಕೆ 2.7% ಅಂತ ಇಳಿಸಬೇಕಾಯಿತು.

ಇನ್ನು ನಮ್ಮ ಕರ್ನಾಟಕದ ಕಡೆ. ಅಪ್ಪನಿಗೆ ಹಳೇ ಪಿಂಚಣಿ. 2006ರ ಏಪ್ರಿಲ್ 1ರ ನಂತರ ಸೇರಿದ್ದರಿಂದ ತಮ್ಮನಿಗೆ ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ ಯೋಜನೆ. ಮೂಲವೇತನ, ತುಟ್ಟಿಭತ್ಯೆ ಸೇರಿಸಿ 10% ಪ್ರತಿ ತಿಂಗಳೂ ಹಿಡಿಯುತ್ತಾರೆ, ಕೊನೆಗೆ ಎಷ್ಟು ಬರುತ್ತೆ ಅನ್ನೋದು ಮಾರುಕಟ್ಟೆಗೆ ಬಿಟ್ಟಿದ್ದು. 2022ರ ಡಿಸೆಂಬರ್‌ನಲ್ಲಿ ಎನ್‌ಪಿಎಸ್ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತಾಗ ಅವನನ್ನು ಅಲ್ಲಿಗೇ ಬಂದೋಬಸ್ತಿಗೆ ಹಾಕಿದ್ದರು. ಬ್ಯಾರಿಕೇಡ್‌ನ ಆ ಕಡೆ ಹಳೇ ಪಿಂಚಣಿ ಕೊಡಿ ಅಂತ ಮೇಷ್ಟ್ರುಗಳು ಕೂಗುತ್ತಿದ್ದಾರೆ, ಈ ಕಡೆ ಲಾಠಿ ಹಿಡಿದು ಇವನು. ರಾತ್ರಿ ಬಂದು ಬೂಟು ಬಿಚ್ಚುತ್ತಾ, "ಅಣ್ಣಾ, ಅವ್ರು ಕೂಗ್ತಿದ್ದಿದ್ದು ನಂದೂ ಹೌದು" ಅಂದ. ಅಷ್ಟೇ, ಊಟಕ್ಕೆ ಕೂತ.

ಅವನು ಯಾಕೆ ಬಾಯಿ ಬಿಡುವಂತಿಲ್ಲ ಅಂದರೆ, ಪೊಲೀಸ್ ಪಡೆಗಳ ಹಕ್ಕುಗಳನ್ನು ನಿರ್ಬಂಧಿಸುವ 1966ರ ಕೇಂದ್ರ ಕಾಯ್ದೆಯಿದೆ. ಅನುಮತಿಯಿಲ್ಲದೆ ಯೂನಿಯನ್ ಸೇರಿದರೆ ಎರಡು ವರ್ಷದವರೆಗೆ ಜೈಲು. ಇಲ್ಲಿ 2016ರ ಜೂನ್ 4ಕ್ಕೆ ಪೊಲೀಸರ ಸಾಮೂಹಿಕ ರಜೆಗೆ ಕರೆ ಕೊಟ್ಟ ಸಂಘದ ಅಧ್ಯಕ್ಷರನ್ನು ಬಂಧಿಸಿದ್ದು ನಿಮಗೂ ನೆನಪಿರಬಹುದು. ಮುಷ್ಕರ ಬೇಡ, ಅದನ್ನು ನಾನೂ ಒಪ್ಪುವುದಿಲ್ಲ. ಠಾಣೆ ಒಂದು ದಿನ ಮುಚ್ಚಿದರೆ ನರಳುವುದು ಬಡವರೇ. ಆದರೆ ಆ ಕಾಯ್ದೆಯಲ್ಲೇ "ಅನುಮತಿಯಿಲ್ಲದೆ" ಅಂತಿದೆ ನೋಡಿ. ಕೇರಳದಲ್ಲಿ ಪೊಲೀಸರಿಗೆ ಮಾನ್ಯತೆ ಪಡೆದ ಸಂಘಗಳಿವೆ, ಬಹಿರಂಗವಾಗಿ ಸಮ್ಮೇಳನ ನಡೆಸುತ್ತವೆ. ಮುಷ್ಕರದ ಹಕ್ಕಿಲ್ಲದ, ಚುನಾವಣೆಗೆ ಪೈಸೆ ಕೊಡದ, ಪಿಂಚಣಿ, ಡ್ಯೂಟಿ ಅವಧಿ, ಕ್ವಾರ್ಟರ್ಸ್ ಬಗ್ಗೆ ಸರ್ಕಾರದ ಎದುರು ಕೂತು ಮಾತಾಡುವ ಅಂಥದ್ದೊಂದು ಸಂಘಕ್ಕೆ ನಮ್ಮ ರಾಜ್ಯವೂ ಒಪ್ಪಿಗೆ ಕೊಡಬಹುದು. ಅದಕ್ಕೆ ಹೊಸ ಕಾನೂನೇನೂ ಬೇಕಿಲ್ಲ.