ಪೋರ್ಟ್ರೇಟ್ ಫೋಟೋವನ್ನು ಭಯ ಹುಟ್ಟಿಸುವ ಹಾಗೆ ಎಡಿಟ್ ಮಾಡುವುದು ಹೇಗೆ?

ಕಾಲೇಜು ನಾಟಕದ ಪೋಸ್ಟರ್‌ಗೆ ಗೆಳತಿಯ ಫೋಟೋ ತಗೊಂಡು ಕೆಂಪು ಕಣ್ಣು, ರಕ್ತ, ಕೋರೆಹಲ್ಲು ಎಲ್ಲ ಹಾಕಿದ್ದೀರಿ, ಆದರೂ ನೋಡಿದವರು ನಗುತ್ತಿದ್ದಾರೆ ಅಂತ ಬರೆದಿದ್ದೀರಿ. ಮೊದಲು ಅದನ್ನೆಲ್ಲ ತೆಗೆದುಬಿಡಿ. ರಕ್ತ ಕಂಡ ಕೂಡಲೇ ಇದು ವೇಷ ಅಂತ ಗೊತ್ತಾಗುತ್ತದೆ, ಅಲ್ಲಿಗೆ ಭಯ ಮುಗಿಯಿತು.

ನಾನು ಮಡಿಕೇರಿಯಲ್ಲಿ ಸ್ಟುಡಿಯೋ ಕೆಲಸ ಮಾಡುತ್ತೇನೆ, ಮದುವೆ ಆಲ್ಬಮ್‌ಗಳೇ ಜಾಸ್ತಿ. ಮದುಮಗಳ ಮುಖಕ್ಕೆ ಕಳೆ ತರಲು ಏನೇನು ಮಾಡುತ್ತೇವೋ ಅದನ್ನೆಲ್ಲ ಉಲ್ಟಾ ಮಾಡಿ. ಭಯ ತಾನಾಗಿ ಬರುತ್ತದೆ.

ಕಣ್ಣಿನಿಂದ ಶುರು ಮಾಡಿ. ಕಣ್ಣುಗುಡ್ಡೆಯ ಮೇಲೆ ಒಂದು ಬಿಳಿ ಚುಕ್ಕೆ ಇರುತ್ತದಲ್ಲ, ಕಿಟಕಿಯದೋ ಫ್ಲ್ಯಾಶಿನದೋ ಬೆಳಕು, ಮುಖಕ್ಕೆ ಜೀವ ಕೊಡುವುದೇ ಅದು. ಪಕ್ಕದ ಭಾಗವನ್ನು ನಕಲು ಮಾಡಿ ಮುಚ್ಚುವ ಹೀಲಿಂಗ್ ಅಥವಾ ಕ್ಲೋನ್ ಟೂಲ್‌ನಿಂದ ಅದನ್ನು ಪೂರ್ತಿ ಅಳಿಸಿ. ಆಮೇಲೆ ಫೋಟೋಶಾಪ್‌ನ ಲಿಕ್ವಿಫೈನಲ್ಲಿ (ಚಿತ್ರದ ಭಾಗವನ್ನು ಎಳೆದು ಹಿಗ್ಗಿಸುವ ಫಿಲ್ಟರ್) ಒಂದೇ ಒಂದು ಕಣ್ಣಿನ ಪಾಪೆಯನ್ನು ಚೂರು ದೊಡ್ಡದು ಮಾಡಿ. ದುಡ್ಡು ಕೊಡದೆ ಆಗಬೇಕಾದರೆ ಗಿಂಪ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ವಾರ್ಪ್ ಟ್ರಾನ್ಸ್‌ಫಾರ್ಮ್ ಇದೇ ಕೆಲಸ ಮಾಡುತ್ತದೆ. ಬದಲಾವಣೆ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲು ಆಗಬಾರದು, ಅಷ್ಟು ಸಣ್ಣದಿರಲಿ.

ನೆರಳಿಗೆ 50% ಬೂದು ಬಣ್ಣದ ಒಂದು ಲೇಯರ್ (ಪದರ) ಹಾಕಿ, ಅದರ ಬ್ಲೆಂಡ್ ಮೋಡ್ (ಕೆಳಗಿನ ಚಿತ್ರದ ಜೊತೆ ಬೆರೆಯುವ ರೀತಿ) ಸಾಫ್ಟ್ ಲೈಟ್‌ಗೆ ಬದಲಾಯಿಸಿ, ಕಪ್ಪು ಬ್ರಷ್‌ನ ಓಪಾಸಿಟಿ (ಬಣ್ಣದ ದಟ್ಟತೆ) 5ರಿಂದ 10% ಇಟ್ಟುಕೊಂಡು ಕಣ್ಣಿನ ಕುಳಿ, ಕೆನ್ನೆಮೂಳೆಯ ಕೆಳಗೆ ನಿಧಾನಕ್ಕೆ ತಿದ್ದುತ್ತಾ ಹೋಗಿ. ಹಣೆ ಕಪ್ಪಾಗಿ, ಗದ್ದದ ಕೆಳಗೆ ಸ್ವಲ್ಪ ಬೆಳಕಾದರೆ ಇನ್ನೂ ಒಳ್ಳೆಯದು. ಬೆಳಕು ಮೇಲಿಂದ ಬೀಳುವುದನ್ನೇ ನೋಡಿ ಅಭ್ಯಾಸ ನಮಗೆ, ಕೆಳಗಿಂದ ಬಂದರೆ ಗುರುತಿನ ಮುಖವೂ ಅಪರಿಚಿತ ಆಗುತ್ತದೆ.

ಚರ್ಮದ ಕೆಂಪು ಇಳಿಸಿ, ತುಟಿಯದ್ದು ಇನ್ನೂ ಜಾಸ್ತಿ ಇಳಿಸಿ. ಪೂರ್ತಿ ಕಪ್ಪುಬಿಳುಪು ಮಾಡಬೇಡಿ, ಆಗ ಅದು ಸುಮ್ನೆ ಹಳೇ ಫೋಟೋ ಥರ ಕಾಣುತ್ತದೆ.

ಟೆಕ್ಸ್ಚರ್‌ಗೆ ಇಂಟರ್‌ನೆಟ್ ಹುಡುಕಬೇಡಿ, ನೀವು ವಿರಾಜಪೇಟೆಯವರೇ ಅಲ್ವಾ? ಮಳೆಗಾಲದಲ್ಲಿ ನಮ್ಮ ಕಡೆ ಯಾವ ಕಾಂಪೌಂಡ್ ಗೋಡೆಯಲ್ಲಿ ಕಪ್ಪು ಪಾಚಿ ಇಲ್ಲ ಹೇಳಿ! ಮೋಡದ ಬೆಳಕಲ್ಲಿ ನೇರವಾಗಿ ಒಂದು ಫೋಟೋ ತೆಗೆದು ಮುಖದ ಮೇಲೆ ಮಲ್ಟಿಪ್ಲೈ ಬ್ಲೆಂಡ್ ಮೋಡ್‌ನಲ್ಲಿ 15ರಿಂದ 20% ಓಪಾಸಿಟಿ ಇಡಿ, ಕಣ್ಣು ತುಟಿಯ ಜಾಗದಲ್ಲಿ ಮಾಸ್ಕ್ ಹಾಕಿ ಅದು ಕಾಣದ ಹಾಗೆ ಮಾಡಿ. ಹಿಂದೆ ಮಂಜಿನಲ್ಲಿ ನಿಂತ ತೋಟದ ಸಿಲ್ವರ್ ಓಕ್ ಮರಗಳು ಸಾಕು. ಆದರೆ ಮಂಜು ಮುಖದ ಹಿಂದೆಯೇ ಇರಲಿ, ಕೂದಲಿನ ಅಂಚು ಮಾತ್ರ ಅದರಲ್ಲಿ ಕರಗಲಿ.

ಇನ್ನೂ ಗಟ್ಟಿ ಬೇಕೆಂದರೆ ಒಂದು ದಾರಿ ಇದೆ. 1980ರಲ್ಲಿ ಪೀಟರ್ ಥಾಂಪ್ಸನ್ ಎಂಬ ಮನಃಶಾಸ್ತ್ರಜ್ಞ ಆಗಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಫೋಟೋದಲ್ಲಿ ಕಣ್ಣು, ಬಾಯಿ ಮಾತ್ರ ತಲೆಕೆಳಗು ಮಾಡಿ ತೋರಿಸಿದ್ದರು. ಫೋಟೋವನ್ನೇ ತಲೆಕೆಳಗಾಗಿ ಹಿಡಿದರೆ ಏನೂ ಅನ್ನಿಸುವುದಿಲ್ಲ, ನೇರ ಮಾಡಿದರೆ ವಿಕಾರ. ನಿಮ್ಮ ಗೆಳತಿಯ ಕಣ್ಣು, ಬಾಯಿಗೂ ಹಾಗೇ ಮಾಡಿ, ಪೋಸ್ಟರ್‌ನಲ್ಲಿ ಆ ಮುಖ ತಲೆಕೆಳಗಾಗಿ ಅಚ್ಚಾಗಲಿ, ಜನ ಕತ್ತು ತಿರುಗಿಸಿ ನೋಡಲಿ. ನನಗಂತೂ ಎಲ್ಲಕ್ಕಿಂತ ಇದೇ ಇಷ್ಟ.

ಫೋಟೋದಲ್ಲಿರುವ ಹುಡುಗಿಗೆ ಮೊದಲು ತೋರಿಸಿ, ಒಪ್ಪಿದರೆ ಮಾತ್ರ ಅಂಟಿಸಿ. ಪ್ರಿಂಟ್ ಸ್ಕ್ರೀನಿಗಿಂತ ಕಪ್ಪಾಗಿ ಬರುವುದೇ ಹೆಚ್ಚು, ಹಾಗಾಗಿ ನೆರಳಿನ ಭಾಗವನ್ನು ಸ್ವಲ್ಪ ತಿಳಿ ಮಾಡಿ, ಒಂದು ಎ4 ತೆಗೆಸಿ ನೋಡಿಯೇ ದೊಡ್ಡದಕ್ಕೆ ಕೊಡಿ.